ನಾಯಿ ಕೊನೆಗೆ

ಸೋಮವಾರ. ಬೆಥೆಸ್ಡಾದ ಶಾಲೆ, ಮೂರನೇ ತರಗತಿ.
ಕಿಟಕಿಯಾಚೆ ಒಡೆದ ಸ್ಲೇಟುಕಲ್ಲಿನ ಗುಡ್ಡ
ನೆಂದು ನೇರಳೆಗೆ ತಿರುಗಿದೆ.
ಮನೆಯಿಂದ ತಂದ ಬಟ್ಟೆಹಗ್ಗವನ್ನು
ಹಲಗೆಯ ಮೊಳೆಯಿಂದ ಬೀರುವಿನ ಹಿಡಿಗೆ ಬಿಗಿದು
ಏಳು ಚೀಟಿ ತೂಗುಹಾಕಿದೆ, ಕ್ಲಿಪ್ಪು ಕಚ್ಚಿಸಿ:
ಹೇಗನ್ನಿಸಿತು, ಎಷ್ಟು ದೊಡ್ಡದು, ಎಷ್ಟು ಹಳೆಯದು,
ಆಕಾರ, ಬಣ್ಣ, ಎಲ್ಲಿಯದು, ಯಾತರದ್ದು.
ತುದಿಯಲ್ಲೊಂದು ಖಾಲಿ ಕ್ಲಿಪ್ಪು. ಅದು ವಸ್ತುವಿಗೆ.

"ಇಂಗ್ಲಿಷು ಬಟ್ಟೆ ಒಣಹಾಕುವುದು ಈ ಸಾಲಿನಲ್ಲೇ, ಮಕ್ಕಳೇ.
ಲವ್ಲಿ ಲಿಟಲ್ ಓಲ್ಡ್ ರೌಂಡ್ ರೆಡ್ ವೆಲ್ಷ್ ವುಲನ್ ಹ್ಯಾಟ್.
ಒಂದು ಆಚೀಚೆಯಾದರೂ..."
"ಏನಾಗುತ್ತೆ ಮಿಸ್?"
ಕೇಳಿದವಳು ಐರ್ಗೈನ್. ಹಲ್ಲು ಬಿದ್ದ ಸಂದಿಯಿಂದ
ಅವಳ ಪ್ರಶ್ನೆಗಳೆಲ್ಲ ಸೀಟಿ ಹೊಡೆಯುತ್ತವೆ.
ಏನೂ ಆಗುವುದಿಲ್ಲ. ಅರ್ಥವೂ ಕೆಡುವುದಿಲ್ಲ.
ಅನ್ನದಲ್ಲಿ ಹರಳು ಸಿಕ್ಕವರ ಹಾಗೆ
ಕೇಳಿದವರ ದವಡೆ ಒಂದು ಗಳಿಗೆ ನಿಲ್ಲುತ್ತದೆ.

ಯಾಕೆಂದು ಇಂಗ್ಲಿಷರಿಗೇ ಗೊತ್ತಿಲ್ಲ.
ನನ್ನ ಗಂಡ ಡೆರಿಕ್ ಚೆಸ್ಟರಿನವನು.
ನಿನ್ನೆ ಪಾತ್ರೆ ತೊಳೆಯುವಾಗ ಕೇಳಿದೆ:
ಬ್ಲ್ಯಾಕ್ ಬಿಗ್ ಪ್ಯಾನ್ ಅಂದರೆ ಯಾಕೆ ತಪ್ಪು?
ಬಾಣಲೆಯನ್ನು ಮಗುಚಿ ಮಗುಚಿ ನೋಡಿದ,
ಉತ್ತರ ಅದರ ತಳಕ್ಕೆ ಸೀದು ಹಿಡಿದಿದೆ ಎಂಬಂತೆ.
"ತಪ್ಪು ಅಂದರೆ ತಪ್ಪು," ಅಂದ.
ಹಾಲಿನ ಜೊತೆ ಕುಡಿದದ್ದನ್ನು ಯಾರು ವಿವರಿಸುತ್ತಾರೆ?
ಕುಡಿಯದವರು ಹಗ್ಗ ಕಟ್ಟಬೇಕು.

ಒಬ್ಬೊಬ್ಬರಾಗಿ ಬಂದರು.
ಗೆಥಿನ್ ತನ್ನ ಅಜ್ಜಿಯನ್ನೇ ಒಣಹಾಕಿದ.
ಯಾತರದ್ದು ಎಂಬಲ್ಲಿ ಪ್ಲಾಸ್ಟಿಕ್ ಎಂದು ಬರೆದು
"ಮಂಡಿ ಮಾತ್ರ ಮಿಸ್" ಎಂದು ಸಮಜಾಯಿಷಿ ಕೊಟ್ಟ.

ಟೆಗಿಡ್ ಎಲ್ಲರಿಗಿಂತ ತಡವಾಗಿ ಎದ್ದ.
ಅವನ ಚೀಟಿಯಲ್ಲಿ ಒಂದೇ ಪದ, ಡಾಗ್.
ತಂದು ಹಗ್ಗದ ತಲೆಗೇ ಸಿಕ್ಕಿಸಿದ,
ಎಲ್ಲಕ್ಕಿಂತ ಮುಂಚೆ.
"ಕೊನೆಗೆ, ಟೆಗಿಡ್. ನಾಯಿ ಕೊನೆಗೆ."
"ನಮ್ಮ ಭಾಷೇಲಿ ಮೊದಲು, ಮಿಸ್.
ಕೀ. ಆಮೇಲೆ ಮಾವ್ರ್. ಆಮೇಲೆ ದೀ.
ನಾಯಿ, ದೊಡ್ಡದು, ಕಪ್ಪು.
ಬಾಗಿಲು ತೆಗೆದರೆ ಮೊದಲು ನುಗ್ಗೋದು ನಾಯೀನೇ ಅಲ್ವಾ?
ಬಣ್ಣ ಬಂದು ನಿಂತು, ಆಮೇಲೆ ನಾಯಿ ಬರುತ್ತಾ?"

ತರಗತಿ ನಕ್ಕಿತು. ಅವನು ನಗಲಿಲ್ಲ.
"ಇಂಗ್ಲಿಷಿನಲ್ಲಿ ಕಾಯಬೇಕಪ್ಪ," ಅಂದೆ.
"ಮುದ್ದಾದದ್ದು, ದೊಡ್ಡದು, ಕಪ್ಪು... ಯಾರು, ಯಾರು ಅಂತ
ಕಿವಿ ನಿಮಿರಿಸಿಕೊಂಡು."
"ಅಷ್ಟು ಕಾದ ಮೇಲೂ ಬರದಿದ್ದರೆ?"

ಆಗ ನೆನಪಾಯಿತು: ಶುಕ್ರವಾರ, ಗೇಟಿನ ಹತ್ತಿರ,
ಅವನಮ್ಮ ಕೊರಳಪಟ್ಟಿಯೊಂದನ್ನು
ಕೋಟಿನ ಜೇಬಿಗೆ ತುರುಕಿಕೊಳ್ಳುತ್ತ
ನನ್ನ ಕಿವಿಯಲ್ಲಿ ಹೇಳಿದ್ದು.
ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ.
ಇದಕ್ಕೆ ಚೀಟಿ ಬರೆದಿಟ್ಟುಕೊಂಡಿಲ್ಲ.

"ನಮ್ಮಲ್ಲೂ ಮುಂದೆ ಬರುವ ಪದ ಒಂದಿದೆಯಲ್ಲ," ಅಂದೆ, ತೋಚಿದ್ದು.
"ಹೇನ್!" ಸೀಟಿ ಹೊಡೆದಳು ಐರ್ಗೈನ್.
ಹೌದು, ಹೇನ್. ಮುದಿ.
ದೊಡ್ಡದು ಹಿಂದೆ ಬರುತ್ತದೆ, ಕಪ್ಪೂ ಹಿಂದೆ,
ವಯಸ್ಸಾದುದಕ್ಕೆ ನಾವು ಸರಿದು ದಾರಿ ಬಿಡುತ್ತೇವೆ.
ಅದು ಮುಂದೆ ನಿಂತದ್ದೇ ತಡ
ನಾಯಿಯ ಹೆಸರೂ ಮೆತ್ತಗಾಗಿ
ಕೀ ಹೋಗಿ ಗೀ.
ಹೇನ್ ಗೀ.
ಟೆಗಿಡ್ ತುಟಿಯೊಳಗೇ ಹೇಳಿ ನೋಡಿಕೊಂಡ,
ಎರಡು ಸಲ.

ಆಮೇಲೆ ತನ್ನ ಚೀಟಿ ಬಿಚ್ಚಿಕೊಂಡು
ಹಗ್ಗದುದ್ದಕ್ಕೂ ನಡೆದು ತುದಿಗೆ ಸಿಕ್ಕಿಸಿದ.
ಬಿಗ್ ಬರೆದ. ಓಲ್ಡ್ ಬರೆದ. ಬ್ಲ್ಯಾಕ್.
ಒಂದೂ ತಪ್ಪಲಿಲ್ಲ.
ಇನ್ನೊಂದು ಚೀಟಿ ಕೈಯಲ್ಲೇ ಉಳಿದಿತ್ತು.
"ಮಿಸ್, ವೆಟ್ ಎಲ್ಲಿಗೆ? ಅವನು ಯಾವಾಗಲೂ ಒದ್ದೆ.
ಹೊಳೆಗೆ ಬೀಳ್ತಾನೇ ಇದ್ದ."

ಹಗ್ಗದ ಆ ತುದಿಯಿಂದ ಈ ತುದಿವರೆಗೆ ನೋಡಿದೆ.
ಬಟ್ಟೆ ಒಣಗಿಸುವ ಹಗ್ಗ,
ಒದ್ದೆಗೆ ಜಾಗ ಇಟ್ಟಿರಲಿಲ್ಲ.
ಅಷ್ಟರಲ್ಲಿ ಊಟದ ಗಂಟೆ. ಕುರ್ಚಿಗಳ ಗದ್ದಲ.
ಅವನ ಚೀಟಿ ಈಗ ನನ್ನ ಜೇಬಿನಲ್ಲಿದೆ.
ರಾತ್ರಿ ಡೆರಿಕ್‌ನನ್ನು ಕೇಳಬೇಕು.
ಅವನಿಗೆ ಗೊತ್ತಿರುತ್ತದೆ,
ಯಾಕೆಂದು ಗೊತ್ತಿಲ್ಲದೆ.